ಅರಗಿನ ಜಾಗಕ್ಕೆ ಬಂದ ಬೇಕಲೈಟ್

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ವಿದ್ಯುತ್ ಕಂಪನಿಗಳಿಗೆ ಅರಗು ಎಷ್ಟಿದ್ದರೂ ಸಾಲುತ್ತಿರಲಿಲ್ಲ. ತಂತಿ, ಕಾಯಿಲ್‌ಗಳಿಂದ ವಿದ್ಯುತ್ ಸೋರದಂತೆ ಬಳಿಯಲು ಅದು ಬೇಕಿತ್ತು. ಅದರಲ್ಲಿ ಬಹುಪಾಲು ಹೋಗುತ್ತಿದ್ದುದು ಭಾರತದಿಂದ. ಮುತ್ತುಗದಂಥ ಮರಗಳ ಟೊಂಗೆಗೆ ಮುತ್ತಿಕೊಳ್ಳುವ ಪುಟ್ಟ ಹುಳುಗಳ ದುಡಿಮೆ ಅದು. ನಮ್ಮ ಚನ್ನಪಟ್ಟಣದ ಬೊಂಬೆಗಳಿಗೆ ಮೆರುಗು ಕೊಡುವುದೂ ಇದೇ ಅರಗು. ಬೇಡಿಕೆ ಹೆಚ್ಚಿತೆಂದು ಹುಳು ಅವಸರಪಡುತ್ತದೆಯೇ?

ಬೆಲ್ಜಿಯಂನ ಗೆಂಟ್‌ನಲ್ಲಿ ಹುಟ್ಟಿ, ನ್ಯೂಯಾರ್ಕ್ ಪಕ್ಕದ ಯಾಂಕರ್ಸ್‌ನಲ್ಲಿ ನೆಲೆಸಿದ್ದ ರಸಾಯನಶಾಸ್ತ್ರಜ್ಞ ಲಿಯೊ ಬೇಕ್‌ಲ್ಯಾಂಡ್ ಅರಗಿಗೆ ಬದಲಿ ಹುಡುಕತೊಡಗಿದ. ವೆಲಾಕ್ಸ್ ಫೋಟೊ ಕಾಗದದ ವ್ಯಾಪಾರವನ್ನು 1899ರಲ್ಲಿ ಜಾರ್ಜ್ ಈಸ್ಟ್‌ಮನ್‌ಗೆ ಮಾರಿದ್ದರಿಂದ ದುಡ್ಡಿಗೆ ಕೊರತೆ ಇರಲಿಲ್ಲ. ಫಿನಾಲ್ ಮತ್ತು ಫಾರ್ಮಾಲ್ಡಿಹೈಡ್ ಬೆರೆತರೆ ರಾಳ ಹುಟ್ಟುತ್ತದೆಂದು ಜರ್ಮನಿಯ ಅಡಾಲ್ಫ್ ಫಾನ್ ಬಾಯರ್ 1872ರಲ್ಲೇ ಕಂಡಿದ್ದ. ಆದರೆ ಪಾತ್ರೆಗೆ ಕಚ್ಚಿಕೊಳ್ಳುವ ಆ ಜಿಗುಟು ಯಾರಿಗೆ ಬೇಕಿತ್ತು?

ಕಾಯಿಸಿದಾಗ ಒಳಗೇ ಆವಿ ಎದ್ದು ರಾಳವೆಲ್ಲ ಇಡ್ಲಿಯಂತೆ ಉಬ್ಬಿ ತೂತು ಬೀಳುತ್ತಿತ್ತು. ಉಳಿದವರು ಶಾಖ ತಗ್ಗಿಸಿ ನೋಡಿದರು. ಬೇಕ್‌ಲ್ಯಾಂಡ್ ಮಾಡಿದ್ದು ತದ್ವಿರುದ್ಧ: ಶಾಖ ಏರಿಸಿ, ಗುಳ್ಳೆ ಏಳದಂತೆ ಒತ್ತಡ ಹೇರಿದ. ಅದಕ್ಕೆಂದೇ ಮಾಡಿಸಿದ ಲೋಹದ ಹಂಡೆ, ಬೇಕಲೈಸರ್, ಈಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಹೀಗೆ ಹುಟ್ಟಿದ ಬೇಕಲೈಟ್‌ನ ಪೇಟೆಂಟ್‌ಗೆ 1907ರ ಜುಲೈ 13ರಂದು ಆತ ಅರ್ಜಿ ಹಾಕಿದ. ಇದೇ ಹಾದಿಯಲ್ಲಿದ್ದ ಬ್ರಿಟನ್ನಿನ ಜೇಮ್ಸ್ ಸ್ವಿನ್‌ಬರ್ನ್ ಒಂದೇ ಒಂದು ದಿನ ಹಿಂದೆ ಬಿದ್ದ, ಪಾಪ.

ಫಿನಾಲ್, ಫಾರ್ಮಾಲ್ಡಿಹೈಡ್ ಕೂಡಿದ ಈ ರಾಳದಲ್ಲಿ ಮುಖ್ಯವಾಗಿ ಎರಡು ಜಾತಿ. ಕ್ಷಾರ ಹಾಕಿ, ಫಾರ್ಮಾಲ್ಡಿಹೈಡ್ ಹೆಚ್ಚಿಟ್ಟು ಮಾಡಿದ್ದು ರಿಸೋಲ್. ಕಾಯಿಸಿದರೆ ತಾನಾಗಿ ಗಟ್ಟಿಯಾಗುತ್ತದೆ. ನೀರಿಗೆ ಬಿಚ್ಚಿಕೊಳ್ಳದ ಪ್ಲೈವುಡ್‌ನ ಅಂಟು ಇದೇ. ಆಮ್ಲ ಹಾಕಿ, ಫಾರ್ಮಾಲ್ಡಿಹೈಡ್ ಕಡಿಮೆ ಮಾಡಿದರೆ ನೊವೊಲ್ಯಾಕ್. ಹೆಕ್ಸಮಿನ್ ಎಂಬ ರಾಸಾಯನಿಕ ಬೆರೆಸುವವರೆಗೆ ಅದು ಪೂರ್ತಿ ಬಿಗಿಯುವುದಿಲ್ಲ. ಫೌಂಡ್ರಿಯವರು ಅಚ್ಚಿನ ಮರಳಿಗೆ ಇದನ್ನೇ ಸವರುತ್ತಾರೆ. ಒಮ್ಮೆ ಬಿಗಿದರೆ ಎರಡೂ ಮತ್ತೆ ಕರಗುವುದಿಲ್ಲ. ಹಳೇ ಮನೆಗಳ ಕರಿ ಸ್ವಿಚ್ಚು, ಭಾರದ ಟೆಲಿಫೋನು, ಕುಕ್ಕರಿನ ಹಿಡಿ ಎಲ್ಲ ಈ ರಾಳದ ಸಂತಾನ.

ಹುಳುವಿನ ಹಂಗು ಹರಿಯಿತು, ಆದರೆ ಮರದ ನಂಟು ಪೂರ್ತಿ ಕಡಿಯಲಿಲ್ಲ. ಗೇರುಬೀಜದ ಸಿಪ್ಪೆಯೊಳಗಿನ ಎಣ್ಣೆಯೂ ಫಿನಾಲ್ ಕುಲದ್ದೇ. ಕರಾವಳಿಯ ಗೇರುಬೀಜದ ಕಾರ್ಖಾನೆಗಳಲ್ಲಿ ಸಿಪ್ಪೆ ಒಡೆಯುವ ಹೆಂಗಸರ ಕೈ ಸುಡುವ ಎಣ್ಣೆ ಅದು. ಅದನ್ನೇ ಫಾರ್ಮಾಲ್ಡಿಹೈಡ್ ಜತೆ ಕೂಡಿಸಿ, ಗಟ್ಟಿ ಮಾಡಿ, ಪುಡಿ ಮಾಡಿ ಲಾರಿ, ಬಸ್ಸುಗಳ ಬ್ರೇಕ್ ಲೈನಿಂಗ್‌ಗೆ ಸೇರಿಸುತ್ತಾರೆ. ಬ್ರೇಕ್ ಹದವಾಗಿ ಹಿಡಿಯುತ್ತದೆ, ಕಿರುಚಾಟವೂ ತಗ್ಗುತ್ತದೆ.