ಅಜ್ಜಿ ಹಿಡಿದ ತಪ್ಪು ಮತ್ತು ಒಂಟಿ ಮುಳ್ಳಿನ ಗಡಿಯಾರ

ನಾನು ಓದಿದ್ದು ಬಿ.ಕಾಂ. ಕೋಡ್ ಬರೆಯೋದು ವಿಡಿಯೋ ನೋಡಿ ಕಲಿತದ್ದು. ಕಳೆದ ತಿಂಗಳು ಅಜ್ಜಿಗೋಸ್ಕರ ಹಳೇ ಟ್ಯಾಬಿನ ಪರದೆ ತುಂಬ ಒಂದು ಮುಳ್ಳಿನ ಗಡಿಯಾರ ಮಾಡಿಕೊಟ್ಟೆ. ಅವರಿಗೆ ಕಣ್ಣು ಮಂಜು. ಅಂಕಿ ಕಾಣಲ್ಲ, ಸಣ್ಣ ಗೆರೆಯಂಥ ನಿಮಿಷದ ಮುಳ್ಳೂ ಕಾಣಲ್ಲ. ಗಂಟೆಯ ದಪ್ಪ ಮುಳ್ಳು ಎತ್ತ ಇದೆ ಅಂತ ನೋಡಿ ಬಿಪಿ ಮಾತ್ರೆ ತಗೋತಾರೆ.

ಮಾರನೇ ದಿನ ಬೆಳಗ್ಗೆ ಕರೆದರು. "ಬಿಸಿಲು ಇಷ್ಟು ಏರಿದೆ, ನಿನ್ನ ಮುಳ್ಳು ಇನ್ನೂ ಎಂಟರ ಮೇಲೇ ಕೂತಿದೆಯಲ್ಲೋ!"

ಆಗ ಸಮಯ 8.50. ಎಂಟೂವರೆಯ ಮಾತ್ರೆ ತಡವಾಗಿತ್ತು. ತಪ್ಪು ನನ್ನದೇ. ಗಂಟೆಗೆ 30 ಡಿಗ್ರಿ ಅಂತಷ್ಟೇ ಲೆಕ್ಕ ಹಾಕಿದ್ದೆ. ಹಾಗಾಗಿ ಮುಳ್ಳು ಗಂಟೆಗೊಮ್ಮೆ ಟಕ್ ಅಂತ ಹಾರುತ್ತಿತ್ತು, ನಡುವೆ ಕದಲುತ್ತಿರಲಿಲ್ಲ.

ಅಜ್ಜಿ ಗಡಿಯಾರ ನೋಡೋ ರೀತಿ ಹೊಸದಲ್ಲ. ಯುರೋಪಿನ ಹಳೆಯ ಯಾಂತ್ರಿಕ ಗಡಿಯಾರಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ಒಂದೇ ಮುಳ್ಳು, ಗಂಟೆಯದ್ದು. ಎಂಟು ಒಂಬತ್ತರ ನಡುವೆ ಅದು ಎಷ್ಟು ಸರಿದಿದೆ ಅಂತ ನೋಡಿಯೇ ಜನ ಕಾಲು, ಅರ್ಧ, ಮುಕ್ಕಾಲು ಅಂದಾಜು ಮಾಡುತ್ತಿದ್ದರು. ದಿನಕ್ಕೆ ಸುಮಾರು 15 ನಿಮಿಷ ತಪ್ಪುವ ಯಂತ್ರಕ್ಕೆ ನಿಮಿಷದ ಮುಳ್ಳು ಯಾಕೆ ಬೇಕು? 1656ರಲ್ಲಿ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ಲೋಲಕದ ಗಡಿಯಾರ ರೂಪಿಸಿದರು. ತಪ್ಪು ದಿನಕ್ಕೆ ಸುಮಾರು 15 ಸೆಕೆಂಡಿಗೆ ಇಳಿಯಿತು. ನಿಮಿಷದ ಮುಳ್ಳು ಎಲ್ಲೆಡೆ ಬಳಕೆಗೆ ಬಂದದ್ದು ಆಮೇಲೆ.

ಹೊಸ ಮುಳ್ಳು ಬಂತು ಅಂತ ಹಳೆಯದು ಸರಿಯೋದನ್ನು ನಿಲ್ಲಿಸಲಿಲ್ಲ. ಹಲ್ಲುಚಕ್ರಗಳು ಎರಡನ್ನೂ ಜೋಡಿಸಿದ್ದವು. ದೊಡ್ಡದು 12 ಸುತ್ತು ಬಂದರೆ ಚಿಕ್ಕದು ಒಂದು ಸುತ್ತು. ನನ್ನ ಕೋಡ್‌ನಲ್ಲಿ ಆ ಹಲ್ಲುಚಕ್ರವೇ ಇರಲಿಲ್ಲ!

ಪ್ರತಿ ನಿಮಿಷಕ್ಕೆ ಅರ್ಧ ಡಿಗ್ರಿ ಸೇರಿಸಿದೆ. ಈಗ 8.50ಕ್ಕೆ 240 ಅಲ್ಲ, 265 ಡಿಗ್ರಿ.

ಇನ್ನೊಂದು ವಿಷಯ. ನಾನು ಬಳಸಿದ್ದು ಕ್ಯಾನ್ವಾಸ್. 2004ರಲ್ಲಿ ಆಪಲ್ ಇದನ್ನು ತನ್ನ ಮ್ಯಾಕ್‌ನ ಡ್ಯಾಶ್‌ಬೋರ್ಡ್‌ಗಾಗಿ ತಂದಿತು. ಆ ಡ್ಯಾಶ್‌ಬೋರ್ಡ್‌ನಲ್ಲೂ ಒಂದು ಮುಳ್ಳಿನ ಗಡಿಯಾರವಿತ್ತು. ಕ್ಯಾನ್ವಾಸ್‌ನಲ್ಲಿ ಸೊನ್ನೆ ಡಿಗ್ರಿ ಅಂದರೆ ಗಡಿಯಾರದ 3ರ ಜಾಗ. 12ರಿಂದ ಎಣಿಸಬೇಕಾದರೆ 90 ಕಳೀಬೇಕು. ಇದನ್ನು ಮರೆತರೆ ಅಜ್ಜಿ ಮಾತ್ರೆ ಮೂರು ಗಂಟೆ ಆಚೀಚೆ!

ಈಗ ಬೆಳಗ್ಗೆ ದಪ್ಪ ಮುಳ್ಳು ಎಂಟು ಒಂಬತ್ತರ ನಡುವೆ ಬಂದ ಕೂಡಲೇ ಅಡುಗೆಮನೆ ಕಡೆ ಕೂಗು ಬರುತ್ತೆ: "ಎಂಟೂವರೆ ಆಯ್ತು, ನೀರು ತಾ."