ಒಗಟಿನ ಜಗಲಿಯಿಂದ ‘ಥಟ್ ಅಂತ ಹೇಳಿ’ಯವರೆಗೆ

ರಸಪ್ರಶ್ನೆ ಎಂಬ ಪದ ಕಿವಿಗೆ ಬೀಳುವ ಮೊದಲೇ ನಮ್ಮ ಅರಕೆರೆಯಲ್ಲಿ ಆ ಆಟವಿತ್ತು. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಹಿರಿಯರು ಒಗಟು ಹೇಳುತ್ತಿದ್ದರು. ಬಿಡಿಸಲಾರದವರು ಸೋತೆವೆಂದು ಒಪ್ಪಿಕೊಂಡು ಉತ್ತರ ಕೇಳಿ ತಿಳಿಯುತ್ತಿದ್ದರು. ಸೋತವನಿಗೂ ಅಲ್ಲಿ ಲಾಭವೇ.

ಮೇಷ್ಟರಾದ ಮೇಲೆ ನಾನಿದನ್ನು ಮರೆತೆ. ಶ್ರೀರಂಗಪಟ್ಟಣದ ಕೋಟೆ ಬ್ರಿಟಿಷರ ವಶವಾದ ವರ್ಷ ಯಾವುದೆಂದು ಒಮ್ಮೆ ತರಗತಿಯಲ್ಲಿ ಕೇಳಿದೆ. ಹುಡುಗನೊಬ್ಬ 1792 ಎಂದ. ಗದರಿ ಕೂರಿಸಿದೆ. ಆ ವರ್ಷ ಮುತ್ತಿಗೆ ನಡೆದು, ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು ಒಪ್ಪಂದ ಮಾಡಿಕೊಂಡಿದ್ದ. ಕೋಟೆ ಬಿದ್ದದ್ದು 1799ರ ಮೇ 4ರಂದು. ಹುಡುಗ ಓದಿಯೇ ತಪ್ಪಿದ್ದ. ಅವನು ಮತ್ತೆಂದೂ ಕೈ ಎತ್ತಲಿಲ್ಲ.

2000ದಲ್ಲಿ ಹಿಂದಿಯ ‘ಕೌನ್ ಬನೇಗಾ ಕರೋಡ್‌ಪತಿ’ ಪ್ರಶ್ನೆಗೆ ಕೋಟಿಯ ಬೆಲೆ ಕಟ್ಟಿತು. 2002ರ ಜನವರಿಯಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಥಟ್ ಅಂತ ಹೇಳಿ’ ಆರಂಭವಾಯಿತು. ನಡೆಸಿಕೊಟ್ಟವರು ವೈದ್ಯರೂ ಲೇಖಕರೂ ಆದ ಡಾ. ನಾ. ಸೋಮೇಶ್ವರ. ಬಹುಮಾನ ಹಣವಲ್ಲ, ಪುಸ್ತಕ. ಉತ್ತರದೊಡನೆ ಅವರು ನೀಡುತ್ತಿದ್ದ ವಿವರಣೆ ಕೇಳುವಾಗಲೆಲ್ಲ ನನಗೆ ನಮ್ಮ ಜಗಲಿ ನೆನಪಾಗುತ್ತಿತ್ತು. ಜೊತೆಗೆ ಆ ಹುಡುಗನೂ.

ಈಗ ಮೊಮ್ಮಕ್ಕಳು ತಪ್ಪು ಉತ್ತರ ಹೇಳಿದರೆ, “ಹಾಗೇಕೆ ಅನ್ನಿಸಿತು, ಮಗು?” ಎಂದು ಕೇಳುತ್ತೇನೆ. ಅಂದು ಕೇಳಬೇಕಾಗಿದ್ದ ಪ್ರಶ್ನೆ ಅದು.