ಸೂರತ್ತಿಗೆ ಬಂದ ಪರದೇಶಿಗಳು

"ಕಾಲಕ್ಕೆ ತಕ್ಕ ಕೋಲ, ದೇಶಕ್ಕೆ ತಕ್ಕ ವೇಷ" ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಪರಸ್ಥಳಕ್ಕೆ ಹೋದವನು ಅಲ್ಲಿಯ ಕಟ್ಟಳೆಗೆ ತಲೆಬಾಗಬೇಕು, ಅಲ್ಲಿಯ ರೀತಿನೀತಿಗಳನ್ನು ಗೌರವಿಸಬೇಕು ಎಂಬುದು ಅದರ ತಾತ್ಪರ್ಯ. ಮಾತು ಸುಲಭ, ಆಚರಣೆ ಅಷ್ಟು ಸುಲಭವಲ್ಲ. ಎಷ್ಟನ್ನು ಬಿಡಬೇಕು, ಎಷ್ಟನ್ನು ಉಳಿಸಿಕೊಳ್ಳಬೇಕು? ನೌಕರಿಗೆಂದೋ ವ್ಯಾಪಾರಕ್ಕೆಂದೋ ತಾಪಿಯ ದಡಕ್ಕೆ ಬಂದು ಮನೆ ಹೂಡಿದ ನಮ್ಮಂಥವರನ್ನು ಈ ಪ್ರಶ್ನೆ ಬಿಟ್ಟಿಲ್ಲ. ಉತ್ತರವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಮೊಗಲರ ಕಾಲದಲ್ಲಿ ಹಿಂದೂಸ್ಥಾನದ ಹೆಬ್ಬಾಗಿಲೆನಿಸಿದ್ದ ಈ ಸೂರತ್ತೂ ಇದರ ನೆರೆಯ ಕಡಲತೀರವೂ ನಾನಾ ದೇಶದ ಅತಿಥಿಗಳನ್ನು ಕಂಡಿವೆ.

ಮೊದಲು ಪಾರಸಿಗಳ ಸಂಗತಿ. ಇರಾನಿನಿಂದ ಹಡಗೇರಿ ಬಂದ ಇವರು ಸಂಜಾಣದಲ್ಲಿ ಆಶ್ರಯ ಬೇಡಿದರೆಂಬುದು ಪರಂಪರೆಯ ನಂಬಿಕೆ. ಬಂದದ್ದು ಎಂಟನೆಯ ಶತಮಾನದಲ್ಲೋ ಹತ್ತನೆಯದರಲ್ಲೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಈ ಕಥೆಯನ್ನು ಹೇಳುವ 'ಕಿಸ್ಸಾ-ಎ-ಸಂಜಾಣ' ಎಂಬ ಫಾರಸಿ ಕಾವ್ಯವನ್ನು ಬಹಮನ್ ಕೈಕೋಬಾದ್ ಎಂಬ ನವಸಾರಿಯ ಪುರೋಹಿತ ಬರೆದದ್ದು 1599ರ ಸುಮಾರಿಗೆ, ಅಂದರೆ ಹಲವು ಶತಮಾನಗಳ ತರುವಾಯ. ಹಾಲು ತುಂಬಿದ ಬಟ್ಟಲಿಗೆ ಸಕ್ಕರೆ ಬೆರೆಸಿದರೆಂಬ ಪ್ರಸಿದ್ಧ ಕಥೆ ಆ ಕಾವ್ಯದಲ್ಲಿಲ್ಲ. ಅದು ಜನರ ಬಾಯಲ್ಲಿ ಬೆಳೆದದ್ದು. ಕಾವ್ಯದಲ್ಲಿರುವುದು ಹೆಚ್ಚು ಗಟ್ಟಿಯಾದದ್ದು: ರಾಜ ಜಾದಿ ರಾಣಾ ಹಾಕಿದ ಷರತ್ತುಗಳು. ನಿಮ್ಮ ಧರ್ಮವೇನೆಂದು ತಿಳಿಸಿರಿ, ಈ ನಾಡಿನ ಭಾಷೆಯನ್ನು ಆಡಿರಿ, ನಿಮ್ಮ ಹೆಂಗಸರು ಇಲ್ಲಿಯ ಉಡುಪು ಉಡಲಿ, ಆಯುಧಗಳನ್ನು ಕೆಳಗಿಡಿರಿ, ಮದುವೆಗಳನ್ನು ಸಂಜೆಯ ಹೊತ್ತು ನಡೆಸಿರಿ.

ಇದೆಲ್ಲ ಹೀಗೆಯೇ ನಡೆಯಿತೇ ಎಂದು ಇತಿಹಾಸಕಾರರು ಸಂದೇಹಿಸಬಹುದು. ಆದರೆ ಫಲ ಮಾತ್ರ ನಮ್ಮ ಕಣ್ಣೆದುರಿಗಿದೆ. ಪಾರಸಿಗಳ ಮನೆಮಾತು ಗುಜರಾತಿಯಾಯಿತು, ಹೆಂಗಸರು ಸೀರೆ ಉಟ್ಟರು. ಪ್ರಾರ್ಥನೆ ಮಾತ್ರ ಅವೆಸ್ತಾ ಭಾಷೆಯಲ್ಲೇ ಉಳಿಯಿತು. ಅವರ 'ಇರಾನ್‌ಶಾಹ'ವೆಂಬ ಪವಿತ್ರಾಗ್ನಿ 1742ರಿಂದ ಉದವಾಡಾದಲ್ಲಿ ಆರದೆ ಉರಿಯುತ್ತಿದೆ. ಮುಂಬಯಿಯಿಂದ ಸೂರತ್ತಿಗೆ ರೈಲಿನಲ್ಲಿ ಬರುವಾಗ ಸಂಜಾಣ, ಉದವಾಡಾ ಎರಡೂ ದಾರಿಯಲ್ಲೇ ಸಿಗುತ್ತವೆ. ಮಾತು, ಉಡುಪು ಬದಲಾಯಿಸಿದವರು ಅಗ್ನಿಯನ್ನು ಆರಗೊಡಲಿಲ್ಲ. ಇದು ಆ ಎರಡು ಊರುಗಳು ಹೇಳುವ ಪಾಠ.

ಎಲ್ಲ ಅತಿಥಿಗಳೂ ಹೀಗೆ ನಡೆದುಕೊಳ್ಳಲಿಲ್ಲ. 1615ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸನ ರಾಯಭಾರಿ ಸರ್ ಥಾಮಸ್ ರೋ ಸುವಾಲಿಯಲ್ಲಿ ಬಂದಿಳಿದ. ಬಂದವರ ಮೈಯನ್ನೂ ಪೆಟ್ಟಿಗೆಗಳನ್ನೂ ಸುಂಕದವರು ಶೋಧಿಸುವುದು ಇಲ್ಲಿಯ ನಿಯಮ. ರಾಯಭಾರಿಯನ್ನು ಶೋಧಿಸಿದರೆ ಅದು ತನ್ನ ದೊರೆಗೇ ಅವಮಾನವೆಂದು ರೋ ಪಟ್ಟು ಹಿಡಿದ. ಅಧಿಕಾರಿಗಳೂ ಬಿಗಿಹಿಡಿದರು. ಸೂರತ್ತಿನಲ್ಲಿ ಅವನ ಮೊದಲ ದಿನಗಳೆಲ್ಲ ಈ ಜಗಳದಲ್ಲೇ ಕಳೆದವು. ಅದೇ ರೋ 1616ರ ಜನವರಿಯಲ್ಲಿ ಅಜಮೇರದಲ್ಲಿ ಜಹಾಂಗೀರನ ದರ್ಬಾರಿಗೆ ಹೋಗುವಾಗ ಬೇರೆ ದಾರಿ ಹಿಡಿದ. ತನ್ನ ದೇಶದ ಪದ್ಧತಿಯಂತೆ ವಂದಿಸಲು ಅಪ್ಪಣೆ ಬೇಕೆಂದು ಮುಂಚಿತವಾಗಿಯೇ ಕೇಳಿಕೊಂಡ. ಅಪ್ಪಣೆ ಸುಲಭವಾಗಿ ದೊರೆಯಿತು. ಬಾಗಿಲಲ್ಲಿ ನಿಂತು ಜಗಳವಾಡಿ ಸಿಗದ ವಿನಾಯಿತಿ ವಿನಯದಿಂದ ಕೇಳಿದಾಗ ಸಿಕ್ಕಿತು.

ರೋನ ಸಮಕಾಲೀನನಾದ ಥಾಮಸ್ ಕೊರಿಯಟ್ ಎಂಬ ಅಲೆಮಾರಿಯ ರೀತಿ ಇನ್ನೂ ವಿಚಿತ್ರ. ಅವನು ಫಾರಸಿ, ಹಿಂದೂಸ್ಥಾನಿ ಎರಡನ್ನೂ ಕಲಿತವನು. ಆದರೂ ಆಗ್ರಾದಲ್ಲಿ ಮಸೀದಿಯಿಂದ ನಮಾಜಿನ ಕರೆ ಕೇಳಿದಾಗ ಎದುರಿನ ಎತ್ತರದ ಜಾಗವೇರಿ ಅದಕ್ಕೆ ವಿರುದ್ಧವಾಗಿ ಕೂಗಿದನಂತೆ. ಇದನ್ನು ಬರೆದಿಟ್ಟವನು ರೋನ ಪಾದ್ರಿ ಎಡ್ವರ್ಡ್ ಟೆರಿ. ಏಷ್ಯದ ಬೇರೆ ಕಡೆಗಳಲ್ಲಾಗಿದ್ದರೆ ಅವನ ಪ್ರಾಣವೇ ಹೋಗುತ್ತಿತ್ತು ಎಂದೂ ಟೆರಿ ಹೇಳುತ್ತಾನೆ. ಭಾಷೆ ಕಲಿತ ಮಾತ್ರಕ್ಕೆ ಮರ್ಯಾದೆ ಕಲಿತಂತಾಗುವುದಿಲ್ಲ. ಇಲ್ಲಿ ಮರ್ಯಾದೆ ತೋರಿದವರು ಆತಿಥೇಯರೇ. ಕೊರಿಯಟ್ 1617ರ ಡಿಸೆಂಬರಿನಲ್ಲಿ ಸೂರತ್ತಿನಲ್ಲೇ ತೀರಿಕೊಂಡ.

ಇನ್ನೊಬ್ಬ ಅತಿಥಿ ನಮಗೆ ವಿಶೇಷವಾಗಿ ಬೇಕಾದವನು. ನಾವು ಕನ್ನಡನಾಡಿನಿಂದ ಸೂರತ್ತಿಗೆ ಬಂದೆವು. ಅವನು ಸೂರತ್ತಿನಿಂದ ಕನ್ನಡನಾಡಿಗೆ ಹೋದ. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ 1623ರ ಫೆಬ್ರವರಿಯಲ್ಲಿ ಇಲ್ಲಿಗೆ ಬಂದು ಅಹಮದಾಬಾದು, ಖಂಭಾತಗಳನ್ನು ನೋಡಿಕೊಂಡು, ಗೋವೆಯ ದಾರಿಯಾಗಿ ಹೊನ್ನಾವರ, ಗೇರುಸೊಪ್ಪೆ ದಾಟಿ, ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಪಾತ್ರೆಗೆ ತುಟಿ ತಾಗಿಸದೆ ಎತ್ತಿ ಕುಡಿಯುವ ನಮ್ಮ ಪದ್ಧತಿಯನ್ನು ಕಂಡು ಅವನು ನಗಲಿಲ್ಲ. ಅದರ ಕಾರಣವನ್ನು ವಿಚಾರಿಸಿ ಬರೆದುಕೊಂಡ, ತಾನೂ ಅಭ್ಯಾಸ ಮಾಡಿ ಕಲಿತ.

ಘಟ್ಟದ ಗುಡಿಯೊಂದರ ಜಗುಲಿಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿಕೊಂಡು, ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಅವನು ಕುಳಿತು ನೋಡಿದ. ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ದರ್ಬಾರನ್ನು ಕಂಡ. ಹೂ ಮುಡಿದ ಹೆಣ್ಣುಮಕ್ಕಳು ಬಣ್ಣದ ಕೋಲುಗಳನ್ನು ತಟ್ಟುತ್ತ ಹಾಡಿ ಕುಣಿದುದನ್ನು ವರ್ಣಿಸಿದ. ಅದು ನಮ್ಮ ಕೋಲಾಟ. ಇಲ್ಲಿಯ ನವರಾತ್ರಿಯ ದಾಂಡಿಯಾದಲ್ಲಿ ನಮ್ಮ ಮಕ್ಕಳ ಕೈ ತಡವರಿಸದಿದ್ದರೆ ಆಶ್ಚರ್ಯವೇನು!

ಎಲ್ಲ ಪದ್ಧತಿಗೂ ಅವನು ತಲೆದೂಗಿದನೆಂದಲ್ಲ. ಇಕ್ಕೇರಿಯಲ್ಲಿ ಸಹಗಮನಕ್ಕೆ ಸಿದ್ಧಳಾಗಿದ್ದ ಒಬ್ಬ ವಿಧವೆಯನ್ನು ಅವಳ ಮನೆಯ ಬಳಿ ಕಂಡು, ಬೇಡವೆಂದು ಬಗೆಬಗೆಯಾಗಿ ಹೇಳಿದ. ಅವಳು ಒಪ್ಪಲಿಲ್ಲ. ಆ ಪದ್ಧತಿಯನ್ನು ಬಂಗಾಳ ಪ್ರಾಂತದಲ್ಲಿ ಕಾಯ್ದೆಯಿಂದ ನಿಷೇಧಿಸಿದ್ದು 1829ರಲ್ಲಿ. ರಾಮಮೋಹನ ರಾಯರಂಥ ಈ ನೆಲದವರೇ ಅದಕ್ಕಾಗಿ ಹೋರಾಡಿದ್ದರು. ಗೌರವವೆಂದರೆ ಕುರುಡು ಒಪ್ಪಿಗೆಯಲ್ಲ. ಒಪ್ಪದ್ದನ್ನು ಹೇಳುವುದಕ್ಕೂ ಒಂದು ರೀತಿಯುಂಟು. ಕೊರಿಯಟ್ ಎತ್ತರದಲ್ಲಿ ನಿಂತು ಕೂಗಿದ, ದೆಲ್ಲಾ ವಾಲ್ಲೆ ಹತ್ತಿರ ಹೋಗಿ ಮಾತನಾಡಿಸಿದ.

ಇಷ್ಟರಿಂದ ನಮಗೆ ತೋರುವುದಿಷ್ಟು. ನಾಡಿನ ಕಾಯ್ದೆಯ ವಿಷಯದಲ್ಲಿ ಚೌಕಾಸಿ ಸಲ್ಲದು. 1960ರಲ್ಲಿ ಈ ರಾಜ್ಯ ಹುಟ್ಟಿದಂದಿನಿಂದ ಇಲ್ಲಿ ಮದ್ಯನಿಷೇಧವಿದೆ. ಊರಿನಿಂದ ಮದುವೆ ಮುಂಜಿಗೆಂದು ಬರುವ ನೆಂಟರಿಗೆ ಇದನ್ನು ಮೊದಲೇ ತಿಳಿಸುವುದು ನಮ್ಮ ಹೊಣೆ. "ನಮ್ಮ ಕಡೆ ಇದೆಲ್ಲ ನಡೆಯುತ್ತದೆ" ಎಂಬುದು ರೋ ಬಂದರಿನಲ್ಲಿ ಆಡಿದ ಮಾತೇ. ಪರವಾನಗಿಯ ದಾರಿಯನ್ನು ಸರಕಾರವೇ ಇಟ್ಟಿರುವಾಗ ಕದ್ದು ತರುವುದೇಕೆ? ಇನ್ನು ರೂಢಿಯ ಮಾತು. ನೆರೆಮನೆಯ ಬಾ ಅವರೊಡನೆ ನಾಲ್ಕು ಮಾತು ಗುಜರಾತಿಯಲ್ಲಿ ಆಡಿದರೆ ನಮ್ಮ ಕನ್ನಡವೇನೂ ಸವೆಯದು. ಸವೆಯುವುದು, ಮನೆಯೊಳಗೆ ಆಡದಿದ್ದರೆ.

ಪಾರಸಿಗಳಿಗೆ ತಾವು ಉಳಿಸಿಕೊಳ್ಳಬೇಕಾದ್ದು ಯಾವುದೆಂಬುದು ಸ್ಪಷ್ಟವಾಗಿ ತಿಳಿದಿತ್ತು. ಆದುದರಿಂದಲೇ ಉಳಿದುದನ್ನು ಹಗುರವಾಗಿ ಬಿಟ್ಟುಕೊಟ್ಟರು. ನಮಗೆ ಅಂಥದು ಯಾವುದು? ಘಟ್ಟದ ಆ ಹುಡುಗರ ಬಳಿ ಗುರುಗಳಿರಲಿಲ್ಲವೆಂದೂ, ತಾವೇ ಕೂಡಿ ಪಾಠ ಒಪ್ಪಿಸಿಕೊಳ್ಳುತ್ತಿದ್ದರೆಂದೂ ದೆಲ್ಲಾ ವಾಲ್ಲೆ ಬರೆದಿದ್ದಾನೆ. ಸೂರತ್ತಿನ ನಮ್ಮ ಮಕ್ಕಳಿಗೂ ಕನ್ನಡದ ಶಾಲೆ ಹತ್ತಿರದಲ್ಲಿಲ್ಲ. ಒಂದು ತಟ್ಟೆ ಮರಳು, ನಾಲ್ಕು ಮಕ್ಕಳು, ಭಾನುವಾರದ ಒಂದು ಗಂಟೆ: ಇಷ್ಟನ್ನು ಹೊಂದಿಸುವುದು ನಮ್ಮ ಕೈಯಲ್ಲೇ ಇದೆ.